ನರಿರಾಣಿಯ ಹನ್ನೆರಡು ಪದರ

ನೇಕಾರರ ಪೇಟೆ ನಿಶಿಜಿನ್ನಿನ ನಮ್ಮ ಓಣಿಯಲ್ಲಿ ಮಗ್ಗದ ಸದ್ದು ಅಡಗಿ ಬಹಳ ಕಾಲವಾಯಿತು. ಆದರೂ ಕುರಾಹಾಶಿ ತೊಮೊಎಯ ಮನೆ ದಾಟುವಾಗ ನಾನು ದನಿ ತಗ್ಗಿಸುತ್ತೇನೆ. ಒಳಗೆ ಅವಳು ಸಾವಿರ ವರ್ಷ ಹಿಂದಿನ ಯಾವುದೋ ಉಡುಪಿನ ತೋಳಿನ ಅಂಚನ್ನು ಭೂತಗನ್ನಡಿಯಲ್ಲಿ ನೋಡುತ್ತಿರುತ್ತಾಳೆ. ಅರಿವೆಯ ಬಗ್ಗೆ ಅವಳಿಗಿರುವಷ್ಟು ಅರಿವು ಈ ಓಣಿಯಲ್ಲಿ ಇನ್ಯಾರಿಗೂ ಇಲ್ಲ.

ಅವಳ ಅಪ್ಪ ಓಬಿ ನೇಯುತ್ತಿದ್ದವರು. ಕಿಮೊನೊದ ನಡುವಿಗೆ ಬಿಗಿಯುವ ಆ ಅಗಲದ ಪಟ್ಟಿಯೇ ಮನೆಗೆ ತಲೆಮಾರುಗಳಿಂದ ಅನ್ನ ಹಾಕಿತ್ತು. ಮಗಳು ಮಗ್ಗ ಬಿಟ್ಟು ಕುಂಚ ಹಿಡಿದಳು. ಮೊದಲು ಉಪ್ಪಿನಕಾಯಿ ಅಂಗಡಿಯ ಚೀಟಿಗಳಿಗೆ ಮೂಲಂಗಿ ಬರೆದಳು. ಈಗ ಐವತ್ತು ದಾಟಿದ ಮೇಲೆ ಮಾಟಮಂತ್ರದ ಕಾದಂಬರಿಗಳಿಗೆ ಮುಖಪುಟ ಬರೆಯುತ್ತಾಳೆ. ಅವಳ ಡ್ರ್ಯಾಗನ್ನುಗಳು ಮನಸ್ಸಿಗೆ ಬಂದಂತಿರುತ್ತವೆ. ಅವುಗಳ ಮೇಲೆ ಕುಳಿತ ರಾಜಕುಮಾರಿಯ ಕೊರಳಪಟ್ಟಿಯ ಬಣ್ಣ ಮಾತ್ರ ಋತು ತಪ್ಪುವುದಿಲ್ಲ. ಹಳೆಯ ಅರಮನೆಯಲ್ಲಿ ಪ್ಲಮ್ ಹೂ ಉದುರಿದ ಮೇಲೂ ಪ್ಲಮ್ ಬಣ್ಣ ತೊಟ್ಟವಳನ್ನು ಕಂಡು ಬೀಸಣಿಗೆಯ ಮರೆಯಲ್ಲಿ ನಗುತ್ತಿದ್ದರಂತೆ. ತನ್ನ ರಾಜಕುಮಾರಿಯನ್ನು ಕಂಡು ಯಾರೂ ನಗಬಾರದೆಂಬುದು ಅವಳ ಹಟ. ಓದುಗರಲ್ಲಿ ಇದನ್ನು ಗಮನಿಸುವವರು ಯಾರೂ ಇಲ್ಲವೆಂದು ಅವಳಿಗೂ ಗೊತ್ತು.

ಕಳೆದ ಶರತ್ಕಾಲದಲ್ಲಿ ಈ ಹಟಕ್ಕೆ ಕುತ್ತು ಬಂತು. ಟೋಕಿಯೋದ ಸಂಪಾದಕ ಅಕುತ್ಸು ಕಾದಂಬರಿಗಳ ದೊಡ್ಡ ಮಾಲೆಯೊಂದನ್ನು ಹೊರತರುವುದರಲ್ಲಿದ್ದ. ಮೊದಲ ಮುಖಪುಟ ಒಪ್ಪಿಗೆಯಾದರೆ ಮಿಕ್ಕವೂ ತೊಮೊಎಗೇ. ಹನ್ನೆರಡು ಪದರದ ಅರಮನೆ ಉಡುಪು ತೊಟ್ಟ ನರಿರಾಣಿ ಉರಿಯುವ ಅರಮನೆಯಿಂದ ತಪ್ಪಿಸಿಕೊಳ್ಳುವ ದೃಶ್ಯ ಬೇಕಿತ್ತು. ತೊಮೊಎಯ ಕರಡುಗಳಲ್ಲಿ ರಾಣಿ ಬೆಟ್ಟದಂತೆ ನಿಂತಿದ್ದಳೇ ಹೊರತು ಓಡುತ್ತಿರಲಿಲ್ಲ. ಆ ಭಾರ ಹೊತ್ತು ಯಾರು ತಾನೇ ಓಡುತ್ತಾರೆ? ಉಡುಪನ್ನು ಮೊಣಕಾಲಿಗೆ ಕತ್ತರಿಸಿಬಿಡಿ ಎಂದು ಅಕುತ್ಸು ಫೋನಿನಲ್ಲಿ ಸುಲಭದ ದಾರಿ ತೋರಿಸಿದ. ಇವಳು ಆಗದೆಂದಳು.

“ನರಿಗೆ ಒಂಬತ್ತು ಬಾಲ ಇರ್ಬಹುದಂತೆ, ಉಡುಪು ಮಾತ್ರ ಗಿಡ್ಡ ಇರ್ಬಾರದಂತೆ. ಇದ್ಯಾವ ನ್ಯಾಯ ಕುರಾಹಾಶಿ ಸಾನ್?”

“ಬಾಲ ನೋಡ್ದೋರು ಯಾರೂ ಇಲ್ಲ, ಅಕುತ್ಸು ಸಾನ್. ಉಡುಪು ತೊಟ್ಟೋರು ಇದ್ರು.”

ಸೋಮವಾರದೊಳಗೆ ರಾಣಿ ಓಡದಿದ್ದರೆ ಕೆಲಸ ಬೇರೆಯವರ ಪಾಲಾಗುತ್ತದೆಂದು ಹೇಳಿ ಅವನು ಫೋನಿಟ್ಟ.

ಮರುದಿನವೇ ತೊಮೊಎ ನನಗೆ ಗಂಟುಬಿದ್ದಳು. ಅರಮನೆಯ ಉಡುಪು ತೊಡಿಸುವ ಕಲೆ ಕಲಿಸುವ ಯಾಸುಇ ಎಂಬ ಹಿರಿಯ ಶಿಕ್ಷಕಿ, ಯಾರನ್ನಾದರೂ ಕರೆತಂದರೆ ಪೂರ್ತಿ ತೊಡಿಸಿ ತೋರಿಸುವೆನೆಂದು ಒಪ್ಪಿದ್ದರಂತೆ. ಭಾರ ಮೈಮೇಲೆ ಎಲ್ಲಿ ಕೂರುತ್ತದೆಂದು ಇವಳು ಕಣ್ಣಾರೆ ನೋಡಬೇಕಿತ್ತು. ನಾನೇ ಏಕೆಂದು ಕೇಳಿದೆ.

“ನಮ್ಮ ಓಣೀಲಿ ನಿಮ್ಮಷ್ಟು ತೂಕದ ವ್ಯಕ್ತಿ ಇನ್ಯಾರಿದಾರೆ, ಹೊರಿನೋ ಸಾನ್?”

ಹೊಗಳಿಕೆಯೆಂದುಕೊಂಡು ಹೋದೆ. ಹೊರಡುವ ಮುನ್ನ ಬಾರ್ಲಿ ಟೀ ಧಾರಾಳವಾಗಿ ಕುಡಿದಿದ್ದೆ.

ತೊಡಿಸುವವರು ಇಬ್ಬರು. ಒಬ್ಬಳು ನನ್ನ ಮುಂದೆ ಮಂಡಿಯೂರಿದಳು, ಇನ್ನೊಬ್ಬಳು ಬೆನ್ನ ಹಿಂದೆ ನಿಂತಳು. ಮಾತಿಲ್ಲ, ಕತೆಯಿಲ್ಲ. ಕಾಲಿಗಿಂತ ಉದ್ದದ ಕೆಂಪು ಹಕಾಮ ಷರಾಯಿಯ ಮೇಲೆ ಒಂದೊಂದೇ ರೇಷ್ಮೆಯ ಪದರ ಏರಿತು. ತೊಮೊಎ ನನ್ನ ಭುಜವನ್ನೇ ನೋಡುತ್ತ ಬರೆದುಕೊಳ್ಳುತ್ತಿದ್ದಳು. ಕೊನೆಯ ಪದರ ಬಂದಾಗ ನಾನು ಮದುವೆ ಮನೆಯ ಹಾಸಿಗೆಯ ರಾಶಿಯಂತಿದ್ದೆ. ಆಗ ಬಾರ್ಲಿ ಟೀ ತನ್ನ ಕೆಲಸ ಶುರುಮಾಡಿತು. ನಾನು ಓದಿದ ಕಾನ್ವೆಂಟಿನ ಸಿಸ್ಟರುಗಳು ಗಂಟೆ ಬಾರಿಸುವವರೆಗೆ ತಡೆದುಕೊಳ್ಳುವುದನ್ನು ಕಲಿಸಿದ್ದರು. ಇಲ್ಲಿ ಗಂಟೆ ಬಾರಿಸುವವರು ಯಾರೂ ಇರಲಿಲ್ಲ. ಕೊನೆಗೆ ನಾಚಿಕೆ ಬಿಟ್ಟು ಯಾಸುಇಯವರ ಕಿವಿಯಲ್ಲಿ ಹೇಳಿದೆ.

ತೊಮೊಎ ಕೈಗಡಿಯಾರ ನೋಡಿದಳು. “ಪಾಪ, ಒಂದೊಂದು ಕಟ್ಟೂ ಬಿಚ್ಚೋಷ್ಟರಲ್ಲಿ ಇವ್ರ ಗತಿ ಏನು, ಸೆನ್ಸೇ?”

“ಎಷ್ಟು ಕಟ್ಟು?” ಎಂದರು ಯಾಸುಇ. “ಇರೋದೊಂದೇ. ನೀನು ಓಬಿ ಮನೆ ಹುಡುಗಿ, ನಿಂಗೆ ಎಲ್ಲಾ ಕಡೆ ಗಂಟೇ ಕಾಣ್ಸತ್ತೆ.”

ಒಂದು ಪದರ ಹಾಕಿ ದಾರ ಕಟ್ಟುತ್ತಲೇ ಅದರ ಕೆಳಗಿನ ಪದರದ ದಾರವನ್ನು ಎಳೆದು ತೆಗೆದಿದ್ದರಂತೆ. ಮೇಲಿನದು ಕೆಳಗಿನದನ್ನು ಹಿಡಿಯುತ್ತದೆ, ಎಲ್ಲವನ್ನೂ ಕೊನೆಯ ಗಂಟೊಂದು ಹಿಡಿಯುತ್ತದೆ. ಯಾಸುಇ ಅದರ ತುದಿ ಎಳೆದು, ಹಿಂದಕ್ಕೆ ಜಾರಿ ಎಂದರು. ಜಾರಿದೆ. ಅಷ್ಟೂ ರೇಷ್ಮೆ ಅಲ್ಲಿಯೇ, ನನ್ನ ಆಕಾರದಲ್ಲೇ ನಿಂತಿತು. ನಾನು ಬಿಳಿ ಒಳಅಂಗಿಯಲ್ಲಿ ಹಕಾಮ ಎತ್ತಿಕೊಂಡು ಈ ವಯಸ್ಸಿನಲ್ಲಿ ಓಡಬಾರದಷ್ಟು ಜೋರಾಗಿ ಓಡಿದೆ.

ಹಗುರಾಗಿ ಬಂದಾಗ ತೊಮೊಎ ಚಾಪೆಯ ಮೇಲೆ ಹೊಟ್ಟೆ ಊರಿ ಮಲಗಿ ಆ ಖಾಲಿ ಉಡುಪನ್ನು ಬರೆಯುತ್ತಿದ್ದಳು. ಮಡಚಲು ಬಂದ ಹುಡುಗಿಯರನ್ನು ಯಾಸುಇ ಕಣ್ಣಲ್ಲೇ ತಡೆದಿದ್ದರು. ಓಬಿಯಿಲ್ಲದೆ ಬಟ್ಟೆ ನಿಲ್ಲುತ್ತದೆಂದು ತನಗೆ ಹೊಳೆದೇ ಇರಲಿಲ್ಲ, ತಾನೇ ರಾಣಿಯನ್ನು ಪದರ ಪದರಕ್ಕೂ ಬಿಗಿದು ಕಟ್ಟಿಹಾಕಿದ್ದೆ ಎಂದು ಮನೆಗೆ ಬರುವ ದಾರಿಯುದ್ದಕ್ಕೂ ಹೇಳಿಕೊಂಡಳು.

ಸೋಮವಾರ ಬೆಳಿಗ್ಗೆ ಚಿತ್ರದ ಫೋಟೋ ಟೋಕಿಯೋಗೆ ಹೋಯಿತು. ನಾಲ್ಕೂ ಕಡೆ ಬೆಂಕಿ, ನಡುವೆ ಮೇಪಲ್ ಎಲೆಗಳ ಬಣ್ಣದ ಉಡುಪು ತಾನಾಗಿಯೇ ನಿಂತಿದೆ. ಕೊರಳಿನ ಅಂಚುಗಳು ಒಂದರೊಳಗೊಂದು, ಒಳಗೆ ಕತ್ತಲು. ಬಿಚ್ಚಿದ ಒಂದು ದಾರ ನೆಲದ ಮೇಲೆ. ನಾನು ಅಲ್ಲೇ ಇದ್ದಾಗ ಫೋನು ಬಂತು.

“ರಾಣಿ ಎಲ್ಲಿ, ಕುರಾಹಾಶಿ ಸಾನ್?”

“ಹೋದ್ಲು.”

ಮೂಲೆಯಲ್ಲಿ ಬಾಲದ ತುದಿಯನ್ನಾದರೂ ತೋರಿಸಬಹುದೇ ಎಂದು ಅವನು ಮೆಲ್ಲಗೆ ಕೇಳಿದ. ಬಾಲ ಕಂಡರೆ ಸಿಕ್ಕಿಬಿದ್ದಂತೆ ಎಂದಳು ಇವಳು. ಅವನಿಗೆ ನಗು ಬಂತು. ಅಸಲು ಚಿತ್ರವನ್ನು ಈಗಲೇ ಕಳಿಸಿ ಎಂದ.

ಇವಳು ಕಳಿಸಲಿಲ್ಲ. ಒಳಗಿನ ಹಸಿರು ಪದರ ಒಂದು ಛಾಯೆ ಬೇಸಿಗೆಯ ಕಡೆಗೆ ವಾಲಿದೆಯೆಂದು ಅನುಮಾನ ಬಂದು ಮತ್ತೆ ಯಾಸುಇಯವರ ಬಳಿಗೆ ನಡೆದಳು. ಅಕುತ್ಸು ಇಡೀ ವಾರ ಕಾದ. ಬೇರೆಯವರ ಹೆಸರನ್ನು ಅವನು ಮತ್ತೆ ಎತ್ತಲಿಲ್ಲ.