ಮುಟ್ಟದೆ ಇಟ್ಟ ಕಾಫಿ

ಕೀಲು ಬದಲಾಯಿಸಿಕೊಂಡು ದೂರದ ಊರಿಗೆ ಮರಳಿದವರಿಗೆ ಫೋನಿನ ಪರದೆಯಲ್ಲೇ ವ್ಯಾಯಾಮ ಮಾಡಿಸುವ ಕ್ರಮ ನಮ್ಮ ಇರ್ಬಿದ್‌ನ ಆಸ್ಪತ್ರೆಯಲ್ಲಿ ಬೇರೂರಿದ್ದರೆ, ಅದರ ಹಿಂದೆ ನಾವೆಲ್ಲ ಗೌರವದಿಂದ 'ಸಿತ್', ಅಂದರೆ ಅಮ್ಮನವರು, ಎಂದು ಕರೆಯುವ ವ್ಯಾಯಾಮ ಚಿಕಿತ್ಸಕಿ ಸಿತ್ ನುಹಾ ರವಾಷ್ದೆ ಅವರ ಸವೆದ ಕಂಠವಿದೆ. ನಾನು ಕೆಲಸಕ್ಕೆ ಸೇರಿದಾಗ ಅವರು ಆಗಲೇ ದಣಿದಿದ್ದರು. ತಮ್ಮದೇ ನೋಯುವ ಮೊಣಕಾಲನ್ನು ಸ್ಟೂಲಿನ ಮೇಲೆ ಚಾಚಿ, ಪರರ ಮೊಣಕಾಲು ಬಾಗಿಸುತ್ತಿದ್ದರು. ನನ್ನ ಮಗುವಿಗೆ ಜ್ವರ ಬಂದಾಗಲೆಲ್ಲ "ನೀನು ಹೋಗಮ್ಮ, ಮಕ್ಕಳು ಬಾಗಿಲು ನೋಡ್ತಿರ್ತಾವೆ" ಎಂದು ನನ್ನ ಸಂಜೆಯ ಕರೆಗಳನ್ನೂ ಹೊತ್ತುಕೊಂಡವರು ಅವರು.

ದೂರದ ಮರುಭೂಮಿಯ ಊರಾದ ರುವೈಶಿದ್‌ನ ಉಮ್ ಮಿಜ್‌ಹಿಮ್ ಎಂಬ ಹಿರಿಯ ಹೆಂಗಸಿಗೆ ಹೊಸ ಮೊಣಕಾಲು ಕೂಡಿಸಿದ್ದರು. ಅತ್ತೆಯನ್ನು ಏಳಗೊಡುವುದೇ ಅವಮಾನವೆಂದು ಸೊಸೆಯರು ಎಲ್ಲವನ್ನೂ ಹಾಸಿಗೆಗೇ ತಂದುಕೊಡುತ್ತಿದ್ದರು. ಮೊಣಕಾಲು ಬಿಗಿದುಹೋಯಿತು. ಮುಂದಿನ ತಪಾಸಣೆಯೊಳಗೆ ಬಾಗದಿದ್ದರೆ ಮತ್ತೆ ಅರಿವಳಿಕೆ ಕೊಟ್ಟು ಬಾಗಿಸಬೇಕಿತ್ತು. ಅವರ ದುರ್ಬಲ ಹೃದಯ ಅದನ್ನು ತಾಳುವುದು ಅನುಮಾನವೆಂದು ವೈದ್ಯರು ಹೇಳಿದ್ದರು. ಆಕೆಯೋ, ನೋವೆಂದು ಕರೆಯನ್ನೇ ಕತ್ತರಿಸುತ್ತಿದ್ದರು.

ಒಂದು ಸಂಜೆಯ ಕರೆಯಲ್ಲಿ ಸಿತ್ ನುಹಾ, "ಚಿಕ್ಕಮ್ಮ, ಮನೆಗೆ ಬಂದವಳಿಗೆ ಕಾಫಿನೂ ಇಲ್ವಾ?" ಎಂದರು. ಸೊಸೆ ನಗುತ್ತ ಫೋನಿನ ಮುಂದೆ ಬಟ್ಟಲಿಟ್ಟಳು.

"ಕುಡಿಯಲ್ಲ. ನಂದೊಂದು ಕೋರಿಕೆ ಇದೆ."

ಮುದುಕಿಯ ಮುಖ ಬಿಗಿಯಿತು. ನಮ್ಮ ಕಡೆಯ ರೂಢಿಯಲ್ಲಿ, ಕೋರಿಕೆ ಈಡೇರದೆ ಅತಿಥಿ ಕಾಫಿ ಮುಟ್ಟದೆ ಎದ್ದುಹೋದರೆ ಆ ಮನೆಯ ಮರ್ಯಾದೆ ಉಳಿಯುವುದಿಲ್ಲ.

"ಫೋನೊಳಗೆ ಕೂತ್ಕೊಂಡು ನನ್ನ ಮಾನ ಕಳೀತೀಯೇನೇ?"

"ಹಿಮ್ಮಡಿ ಹಿಂದಕ್ಕೆ ಎಳ್ಕೊಳ್ಳಿ. ಕಾಫಿ ಆರ್ತಾ ಇದೆ."

ಬೈಯುತ್ತಲೇ, ಕಣ್ಣೀರಿಡುತ್ತಲೇ ಆಕೆ ಹಿಮ್ಮಡಿ ಎಳೆದುಕೊಂಡರು. ಮೊಣಕಾಲು ತುಸು ಬಾಗಿತು. "ಸಾಕಲ್ಲ, ಇನ್ನು ಕುಡಿ ಮಾರಾಯ್ತಿ." ಇಲ್ಲಿ ಸಿತ್ ನುಹಾ ಮೇಜಿನ ಮೇಲಿದ್ದ ತಣ್ಣನೆ ಚಹಾ ಎತ್ತಿದರು, ಅಲ್ಲಿ ಅವರ ಪರವಾಗಿ ಸೊಸೆ ಕಾಫಿ ಕುಡಿದಳು. ಅಂದಿನಿಂದ ದಿನವೂ ಅದೇ ಬಟ್ಟಲು, ಅದೇ ಬೈಗುಳ. ತಪಾಸಣೆಗೆ ಆಕೆ ನಡೆದೇ ಬಂದರು. ಅರಿವಳಿಕೆಯ ಮಾತು ಮತ್ತೆ ಏಳಲಿಲ್ಲ.

ಈ ಬರಹಕ್ಕೆಂದು ಕಳೆದ ವಾರ ಸಿತ್ ನುಹಾರ ಮನೆಗೆ ಹೋಗಿದ್ದೆ. ಅವರು ಗೋಡೆ ಹಿಡಿದು ಕಾಫಿ ತಂದರು. ನಾನು ಮುಟ್ಟಲಿಲ್ಲ.

"ಏನೇ ಇದು, ನನಗೇ?"

"ನಿಮ್ಮ ಮೊಣಕಾಲಿನ ಆಪರೇಶನ್ನು. ಇನ್ನು ಮುಂದೂಡಬೇಡಿ. ನಿಮ್ಮ ಸಂಜೆ ಕರೆಗಳನ್ನ ನಾನು ಮಾಡ್ತೀನಿ."

ಅವರು ಸ್ಟೂಲು ಎಳೆದು ಕಾಲು ಚಾಚಿ ಕೂತರು. ಅವರಿಗೆ ದೀರ್ಘಾಯುಷ್ಯವನ್ನೂ, ಇನ್ನೆಷ್ಟೋ ಮನೆಗಳಲ್ಲಿ ಅವರ ಗದರಿಕೆ ಕೇಳಿಸಲೆಂಬುದನ್ನೂ ಆಸ್ಪತ್ರೆಯ ಎಲ್ಲರ ಪರವಾಗಿ ಹಾರೈಸಬೇಕೆಂದು ಹೋದವಳು ನಾನು. ಅದರ ಬದಲು ಬಟ್ಟಲನ್ನು ಇನ್ನಷ್ಟು ದೂರ ಸರಿಸಿದೆ.

"ಆಯ್ತು, ಕುಡಿ," ಎಂದರು ಕೊನೆಗೆ. "ಆರಿಹೋಗುತ್ತೆ."