ಮಗುಚಿದ ತೆಪ್ಪದ ಮೇಲೆ ಕೂತದ್ದು

ಮಕ್ಕಳೇ, ಊರೂರಿಗೆ ಮೊಬೈಲು ಬಂದಿದ್ದರೂ ನಮ್ಮ ನದಿಯ ದಡಕ್ಕೆ ಮಾತ್ರ ಸಿಗ್ನಲ್ ಬಾರದಿದ್ದ ವರ್ಷಗಳವು. ನಿಮ್ಮ ತಾತ ತೀರಿಕೊಂಡ ಮೇಲೆ ನನಗೆ ಮಳವಳ್ಳಿ ತಾಲ್ಲೂಕಿನ ಅಂಚಿನಲ್ಲಿ, ಕಾವೇರಿ ಅಭಯಾರಣ್ಯದೊಳಗೆ ಹರಿಯುವ ಕಡೆ, ತೆಪ್ಪ ಹತ್ತಿ ಇಳಿಯುವ ಕಡವಿನ ವಾಚರ್ ಕೆಲಸ ಸಿಕ್ಕಿತು. ತೆಪ್ಪಗಳು ಎಲ್ಲಿಯವರೆಗೆ ಹೋಗಬಹುದು, ಒಂದರಲ್ಲಿ ಎಷ್ಟು ಜನ ಕೂರಬಹುದು, ಲೈಫ್ ಜಾಕೆಟ್ ಹಾಕಿದ್ದಾರೋ ಇಲ್ಲವೋ, ಇವೆಲ್ಲ ನಾನು ನೋಡಬೇಕಿತ್ತು. ನಾಲ್ಕು ಜನರೆದುರು ನನಗೆ ದನಿಯೇ ಏಳುತ್ತಿರಲಿಲ್ಲ. ತೆಪ್ಪದವರು ಮೊದಮೊದಲು ನಗುತ್ತಿದ್ದರು.

ತೆಪ್ಪವೆಂದರೆ ಬಿದಿರಿನ ದೊಡ್ಡ ಬುಟ್ಟಿ, ತಳಕ್ಕೆ ಟಾರು ಬಳಿದಿರುತ್ತಾರೆ. ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟರೆ ವೈರ್‌ಲೆಸ್‌ನಲ್ಲಿ ಸುದ್ದಿ ಬರುತ್ತಿತ್ತು. ಕೂಡಲೇ ತೆಪ್ಪಗಳನ್ನು ದಡಕ್ಕೆಳೆದು ಮಗುಚಿ ಹಾಕಬೇಕು. ಮಗುಚಿದ ತೆಪ್ಪವನ್ನು ಅದರ ಯಜಮಾನನ ಹೊರತು ಯಾರೂ ಎತ್ತಬಾರದೆಂಬುದು ತೆಪ್ಪದವರದೇ ಹಳೆಯ ಕಟ್ಟುಪಾಡು.

ಅವತ್ತು ಕೊಡಗಿನಲ್ಲಿ ಮಳೆ, ನಮ್ಮಲ್ಲಿ ಸುಡುಬಿಸಿಲು. ಸುದ್ದಿ ಬಂದು ತೆಪ್ಪಗಳನ್ನು ಮಗುಚಿಯಾಗಿತ್ತು. ಎಲ್ಲರೂ ಊಟಕ್ಕೆ ಹೋಗಿ, ಜವರ ಎಂಬ ತೆಪ್ಪದವನೊಬ್ಬನೇ ಉಳಿದಿದ್ದ. ಆಗ ಕೊಪ್ಪದ ಕಡೆಯಿಂದ ಒಂದು ಕುಟುಂಬ ಬೂದಿ ಬಿಡಲು ಟೆಂಪೋದಲ್ಲಿ ಬಂತು. ಸತ್ತವರ ಅಣ್ಣ ಮುಂದೆ, ಮಡಕೆ ಹಿಡಿದ ಮಗಳು ಹಿಂದೆ.

"ನಡುನೀರಿಗೇ ಬುಡಬೇಕು ಕಣವ್ವ. ನನ್ ತಮ್ಮ ಸಾಯೋ ಮುಂಚೆ ಕೇಳ್ಕಂಡಿದ್ದ" ಎಂದರು ಹಿರಿಯರು.

ನೀರು ಬರುತ್ತಿದೆ ಎಂದೆ.

"ಎಲ್ಲವ್ವ ನೀರು? ಎಮ್ಮೆ ಮನೀಕಂಡಂಗೆ ಮನೀಕಂಡದೆ ಒಳೆ."

ಜವರನಿಗೂ ಮನಸ್ಸು ಕರಗಿತು. "ಅಕ್ಕ, ಸತ್ತೋರ ಕೆಲ್ಸ. ಬಿರ್‍ರನೆ ಓಗಿ ಬಂದ್ಬುಡ್ತೀನಿ" ಎನ್ನುತ್ತ ತನ್ನ ತೆಪ್ಪ ಎತ್ತಲು ಬಗ್ಗಿದ.

ಇಳಿದರೆ ಅವರಾರೂ ಹಿಂದಿರುಗುವುದಿಲ್ಲವೆಂದು ನನಗೆ ಗೊತ್ತಿತ್ತು. ಕೂಗೋಣವೆಂದರೆ ದನಿ ಏಳಲಿಲ್ಲ. ಬೇರೆಯವರ ತೆಪ್ಪವನ್ನು ಜವರ ಎತ್ತುವಂತಿರಲಿಲ್ಲ; ಹೋಗಿ ಅವನ ತೆಪ್ಪದ ಮೇಲೆ ಕೂತುಬಿಟ್ಟೆ. ಹೆಂಗಸಿನ ತೋಳು ಹಿಡಿದು ಎಳೆಯುವವರು ಅಲ್ಲಿ ಯಾರೂ ಇರಲಿಲ್ಲ.

"ಏಳಕ್ಕ, ಟಾರು ಬಿಸಿಲಿಗೆ ಕರಗ್ಯದೆ. ಸೀರೆ ಆಳಾಯ್ತದೆ."

"ಆಗ್ಲಿ ಬುಡ್ಲಾ."

ಹಿರಿಯರಿಗೆ ರೇಗಿತು. ನನ್ನ ಬರಿಹಣೆ ನೋಡಿ ಅಂದರು, "ನಿನ್ ಗಂಡನ ಬೂದಿನ ಯಾವ್ ಬಚ್ಚಲಿಗೆ ಬುಟ್ಟೆ?"

ಆಗ ದನಿ ತಾನಾಗಿ ಬಂತು. "ಅಗೋ, ಆ ಕಲ್ಲತ್ರ ಬುಟ್ಟೆ ಕಣಣ್ಣ. ಅವತ್ತೂ ತೆಪ್ಪ ಮಗುಚಾಕಿದ್ರು."

ಮಗಳು ನನ್ನ ಮುಖ ನೋಡಿ, "ದೊಡ್ಡಪ್ಪ, ಅಲ್ಲೇ ಬುಡಾನ ಬನ್ನಿ" ಎಂದು ದಡದ ಕಲ್ಲಿನತ್ತ ನಡೆದಳು. ಕಲ್ಲಿನ ಮೇಲೆ ಬೂದಿ ಸುರಿದು, ಹೂವಿಟ್ಟು, ಗಂಧದ ಕಡ್ಡಿ ಹಚ್ಚಿದರು. ಕಡ್ಡಿ ಉರಿಯುತ್ತಿರುವಾಗಲೇ ಮೊದಲು ಎಲೆಕಸ ತೇಲಿ ಬಂತು, ಆಮೇಲೆ ಕೆಂಪು ನೊರೆ. ತೆಪ್ಪ ನಿಲ್ಲಿಸುತ್ತಿದ್ದ ನಡುಬಂಡೆ ನೋಡನೋಡುತ್ತ ಮುಳುಗಿತು. ಅವರು ಹಿಂದೆ ಸರಿದರು. ನೀರು ಕಲ್ಲೇರಿ ಹೂವು, ಬೂದಿ ಎಲ್ಲ ಎತ್ತಿಕೊಂಡಿತು.

ಹಿರಿಯರು ತಲೆಯ ಟವೆಲು ತೆಗೆದರು. "ನಡುನೀರೇ ಇಲ್ಲಿಗಂಟ ಬಂತಲ್ಲವ್ವ" ಎಂದರು.

ಜವರ ನನ್ನ ಪಕ್ಕ ಬಂದು ನಿಂತ. "ಈಗ್ಲಾದ್ರೂ ಏಳಕ್ಕ, ತೆಪ್ಪ ಮೇಲಕ್ಕೆಳೀಬೇಕು."

ನಾನು ಕಾವಲಿದ್ದಷ್ಟು ಕಾಲ ಆ ಕಡವಿನಲ್ಲಿ ತೆಪ್ಪ ಹತ್ತಿದ ಒಂದು ಜೀವವೂ ನೀರುಪಾಲಾಗಲಿಲ್ಲ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ನನ್ನ ಟ್ರಂಕಿನಲ್ಲಿರುವ ಟಾರು ಮೆತ್ತಿದ ಸೀರೆಯನ್ನು ಯಾಕೆ ಎಸೆದಿಲ್ಲವೆಂದು ಕೇಳುತ್ತೀರಲ್ಲ, ಅದು ಅವತ್ತಿನದು. ನಿಮ್ಮಲ್ಲೂ ನನ್ನಂತೆ ದನಿ ಏಳದವರಿದ್ದೀರಿ. ಸರಿ ಅನ್ನಿಸಿದ ಕಡೆ ಸುಮ್ಮನೆ ಕೂತುಬಿಡಿ. ನೀರು ಬರುವ ತನಕ ಏಳಬೇಡಿ.