ತಂಗಿಯ ಎರಡನೆಯ ಪರೀಕ್ಷೆ

ಎಂ.ಎಡ್. ಓದಲು ನಾನು ಮದ್ದೂರಿನಿಂದ ಮಂಡ್ಯಕ್ಕೆ ದಿನವೂ ರೈಲಿನಲ್ಲಿ ಹೋಗಿ ಬರುತ್ತಿದ್ದೆ. ಶೈಕ್ಷಣಿಕ ಮಾಪನದ ಪಾಠ ಊಟವಾದ ಮೇಲೆ. ಅರ್ಧ ಜನ ತೂಕಡಿಸುತ್ತಿದ್ದರು. ಒಂದು ದಿನ ಮೇಡಂ ಯಾವನೋ ಹುಡುಗ ಬರೆದ ಒಂದೇ ಪ್ರಬಂಧದ ಜೆರಾಕ್ಸ್ ಪ್ರತಿಗಳನ್ನು ಎಲ್ಲರಿಗೂ ಹಂಚಿ, ಪಕ್ಕದವರನ್ನು ನೋಡದೆ ಅಂಕ ಹಾಕಿ ಎಂದರು. ಹಾಕಿದೆವು. ಒಬ್ಬರ ಕೈಯಲ್ಲಿ ಫೇಲಾದ ಹುಡುಗ ಇನ್ನೊಬ್ಬರ ಕೈಯಲ್ಲಿ ಫಸ್ಟ್ ಕ್ಲಾಸಿನಲ್ಲಿ ಪಾಸಾಗಿದ್ದ. ಎಲ್ಲರೂ ನಕ್ಕರು.

"ನಗಿ. ಆದರೆ ಅವನು ಬರೆದದ್ದು ಒಂದೇ, ಬದಲಾಗಿದ್ದು ನಾವು," ಎಂದರು ಮೇಡಂ. "ಅಳೆಯುವವರು ಬದಲಾದರೆ, ದಿನ ಬದಲಾದರೆ ಫಲಿತಾಂಶವೂ ಬದಲಾಗುತ್ತದೆ ಅಂದರೆ ಆ ಅಳತೆಗೆ ವಿಶ್ವಸನೀಯತೆ ಇಲ್ಲ. ಒಂದೇ ಸಲದ ಅಂಕ ನಂಬಿ ಯಾವ ಮಗುವಿನ ಬಗ್ಗೆಯೂ ತೀರ್ಮಾನ ಮಾಡಬೇಡಿ."

ನನಗೆ ನಗು ಬರಲಿಲ್ಲ. ತಂಗಿ ನೆನಪಾದಳು.

ಅವಳು ಐದನೆಯ ತರಗತಿಯಲ್ಲಿದ್ದಾಗ, ಓದುವುದರಲ್ಲಿ ಬಹಳ ಹಿಂದೆ ಎಂದು ಶಾಲೆಯವರು ಮಳವಳ್ಳಿಯ ತಪಾಸಣಾ ಶಿಬಿರಕ್ಕೆ ಕಳಿಸಿದ್ದರು. ಅವತ್ತು ಅವಳಿಗೆ ಜ್ವರ, ಕಿವಿ ಸೋರುತ್ತಿತ್ತು. ಅಮ್ಮ ಕಿವಿಗೆ ಹತ್ತಿ ಇಟ್ಟು ನಮ್ಮಿಬ್ಬರನ್ನೂ ಬಸ್ಸಿನಲ್ಲಿ ಕರೆದುಕೊಂಡು ಹೋಗಿದ್ದಳು. ಪರೀಕ್ಷೆ ಮಾಡಲು ಕೂತಿದ್ದವರಿಗೆ ಅಮ್ಮ ಹೇಳಿಯೂ ಹೇಳಿದಳು: "ಮಗೀಗೆ ಜ್ವರ ಐತೆ ಸಾ, ಇನ್ನೊಂದಿನ ಕರ್ಕೊಂಡ್ ಬತ್ತೀನಿ."

"ಶಿಬಿರ ಇವತ್ತೊಂದೇ ದಿನ ಕಣಮ್ಮ, ಕೂರ್ಸು," ಎಂದರು ಅವರು.

ಅವರು ಗಡಿಬಿಡಿಯಲ್ಲಿ ಕೇಳುತ್ತಾ ಹೋದರು, ತಂಗಿ ಅವರ ಬಾಯನ್ನೇ ನೋಡುತ್ತಾ ಕೂತಿದ್ದಳು. ಬುದ್ಧಿಮಾಂದ್ಯತೆ ಎಂದು ಬರೆದುಕೊಟ್ಟರು. ಅಲ್ಲಿಂದ ಮುಂದೆ ಶಾಲೆಯಲ್ಲಿ ಯಾರೂ ಅವಳನ್ನು ಪ್ರಶ್ನೆ ಕೇಳಲಿಲ್ಲ, ಹೋಂವರ್ಕ್ ನೋಡಲಿಲ್ಲ. ಏಳನೆಯ ತರಗತಿಗೆ ಓದು ನಿಂತಿತು. ಕಿವಿ ತಾನಾಗಿಯೇ ವಾಸಿಯಾಯಿತು. ದಡ್ಡಿ ಎಂಬ ಹೆಸರು ಮಾತ್ರ ಉಳಿಯಿತು. ದೊಡ್ಡವಳಾದ ಮೇಲೆ ಗಾರ್ಮೆಂಟ್ಸಿಗೆ ಸೇರಿ ಶರ್ಟಿನ ಕಾಲರು ಹೊಲಿಯುತ್ತಿದ್ದಳು. ಕೆರಗೋಡಿನ ಕಡೆಯಿಂದ ಬಂದ ಒಂದು ಸಂಬಂಧ, ಯಾರೋ ಹಳೆಯ ವಿಷಯ ಹೇಳಿದ್ದರಿಂದ ಮುರಿದುಬಿತ್ತು.

ಪಾಠ ಮುಗಿದ ಮೇಲೆ ಇದನ್ನೆಲ್ಲ ಮೇಡಂಗೆ ಹೇಳಿದೆ. ಅವರು ಮಂಡ್ಯದಲ್ಲೇ ಇದ್ದ ಒಬ್ಬ ಮನಶ್ಶಾಸ್ತ್ರಜ್ಞೆಯ ಬಳಿಗೆ ಕಳಿಸಿದರು. ತಂಗಿಯನ್ನು ಒಪ್ಪಿಸುವುದೇ ಕಷ್ಟವಾಯಿತು. "ತಿರ್ಗಾ ಪರೀಕ್ಷೆನಾ?" ಎಂದಳು. ನನ್ನ ಮುಖ ನೋಡಿ ಕೊನೆಗೆ ಬಂದಳು.

ಆ ಹೆಂಗಸು ಬೆಳಗಿನಿಂದ ಮಧ್ಯಾಹ್ನದವರೆಗೆ ನಿಧಾನವಾಗಿ ಪರೀಕ್ಷೆ ಮಾಡಿದರು. ನಡುವೆ ನಿಲ್ಲಿಸಿ ಮಜ್ಜಿಗೆ ಕೊಟ್ಟರು. ಆಮೇಲೆ ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದರು: "ಇವರ ಬುದ್ಧಿ ಎಲ್ಲರ ಹಾಗೇ ಇದೆ. ಅಕ್ಷರ ಹಿಡಿಯುವುದರಲ್ಲಿ ತೊಡಕಿದೆ, ಅಷ್ಟೇ. ಚಿಕ್ಕವರಿದ್ದಾಗ ಗೊತ್ತಾಗಿದ್ದರೆ ಕಲಿಸುವ ದಾರಿಗಳಿದ್ದವು. ಆದರೆ ನನ್ನದೂ ಒಂದು ದಿನದ ಅಳತೆಯೇ. ಇನ್ನೊಮ್ಮೆ ಬನ್ನಿ, ನೋಡೋಣ."

ತಂಗಿಯ ಜೊತೆ ಬಸ್ ಸ್ಟ್ಯಾಂಡಿಗೆ ನಡೆದೆ. ಅವಳಿಗೆ ಸಂತೋಷವಾಗುತ್ತದೆ ಎಂದು ನಾನು ಕಾಯುತ್ತಿದ್ದೆ.

"ಅಂಗಾರೆ ನಾನು ದಡ್ಡಿ ಅಲ್ವಾ?" ಎಂದಳು.

"ಅಲ್ಲ ಕಣೇ. ಅವತ್ತು ಯಾರ್ಗೂ ಗೊತ್ತಾಗ್ನಿಲ್ಲ."

"ನಂಗ್ ಗೊತ್ತಿತ್ತು. ಕಿವಿ ಕೇಳುಸ್ತಾ ಇರ್ನಿಲ್ಲ ಅಂತ ಇಸ್ಕೂಲಲ್ಲಿ ಯೋಳ್ದೆ. ದಡ್ಡಿ ಮಾತ ಯಾರ್ ನಂಬ್ತಾರೆ?"

ಎಸ್.ಎಸ್.ಎಲ್.ಸಿ.ಯನ್ನು ಖಾಸಗಿಯಾಗಿ ಕಟ್ಟಬಹುದು, ನಾನೇ ಹೇಳಿಕೊಡುತ್ತೇನೆ ಎಂದೆ. "ಬುಡಕ್ಕಾ," ಎಂದು ಮುಖ ತಿರುಗಿಸಿಕೊಂಡಳು. ಬಸ್ಸಿನಲ್ಲಿ ಕಿಟಕಿಯ ಕಡೆ ಕೂತು ಮದ್ದೂರು ಬರುವವರೆಗೂ ಅತ್ತಳು. ಮುಂದಿನ ಸೀಟಿನ ಮುದುಕಿ ತಿರುಗಿ ನೋಡಿ, "ಯಾರಾರ ಓಗ್ಬುಟ್ರಾ ಕಣವ್ವ?" ಎಂದು ನನ್ನನ್ನು ಕೇಳಿತು. ನಾನು ತಲೆಯಾಡಿಸಿದೆ, ಹೌದೆಂದೋ ಅಲ್ಲವೆಂದೋ ನನಗೇ ತಿಳಿಯದು.

ಮನೆಯಲ್ಲಿ ವಿಷಯ ಹೇಳಿದಾಗ ಅಮ್ಮ ಗೋಡೆಗೊರಗಿ ಕೂತಳು. "ಜ್ವರ ಐತೆ ಅಂತ ಯೋಳಿದ್ನಲ್ಲವ್ವ," ಎಂದು ಅದನ್ನೇ ಮತ್ತೆ ಮತ್ತೆ ಹೇಳಿದಳು. ತಂಗಿ ಅವಳನ್ನು ಸಮಾಧಾನ ಮಾಡಲೂ ಇಲ್ಲ, ಬೈಯಲೂ ಇಲ್ಲ. ಮಾರನೆಯ ದಿನ ಎಂದಿನಂತೆ ಕಾರ್ಖಾನೆಯ ವ್ಯಾನು ಹತ್ತಿದಳು. ಇನ್ನೊಮ್ಮೆ ಪರೀಕ್ಷೆಗೆ ಹೋಗಲು ಒಪ್ಪಲೇ ಇಲ್ಲ.

ಈಗ ನಾನೂ ಒಂದು ಬಿ.ಎಡ್. ಕಾಲೇಜಿನಲ್ಲಿ ಇದೇ ಪಾಠ ಮಾಡುತ್ತೇನೆ. ವಿಶ್ವಸನೀಯತೆಯ ವ್ಯಾಖ್ಯೆಯನ್ನು ಬೋರ್ಡಿನ ಮೇಲೆ ಬರೆದರೆ ಹುಡುಗಿಯರು ಬರೆದುಕೊಳ್ಳುತ್ತಾರೆ. ಪರೀಕ್ಷೆಗೆ ಬರುತ್ತಾ ಮಿಸ್ ಎಂದು ಕೇಳುತ್ತಾರೆ. ತಂಗಿಯ ಕಥೆಯನ್ನು ಅವರಿಗೆ ಹೇಳಬೇಕೆಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಅದು ಅವಳದು, ಅವಳನ್ನು ಕೇಳದೆ ಹೇಳಲಾರೆ. ಕೇಳುವ ಧೈರ್ಯ ಬಂದಿಲ್ಲ.

ಮೊನ್ನೆ ಭಾನುವಾರ ಹಿತ್ತಲಿನಿಂದ ಒಳಗೆ ಬಂದಾಗ, ತಂಗಿ ನಡುಮನೆಯಲ್ಲಿ ಪೇಪರು ಹರಡಿಕೊಂಡು ದಪ್ಪಕ್ಷರದ ಸಾಲಿನ ಮೇಲೆ ಬೆರಳಿಟ್ಟು ಮೆಲ್ಲಗೆ ಕೂಡಿಸಿ ಓದುತ್ತಿದ್ದಳು. ನನ್ನನ್ನು ಕಂಡ ಕೂಡಲೇ ಮಡಚಿಟ್ಟು ಅಡುಗೆಮನೆಗೆ ಎದ್ದು ಹೋದಳು.